ತೊಟ್ಟಿಲ ಮೇಲಿನ ಕ್ಯಾಮೆರಾ ಕಾಯುವುದು ಮಗುವನ್ನೋ, ಆಯಾಳನ್ನೋ?

ಮನೆಯಲ್ಲಿ ಮಗು ನೋಡಿಕೊಳ್ಳಲು ಕ್ಯಾಮೆರಾ ಇಟ್ಟುಕೊಂಡಿರುವ ಅಪ್ಪ-ಅಮ್ಮಂದಿರ ತಲೆ ಕೆಡಿಸುವಂಥ ಮೂರು ಸುದ್ದಿಗಳು 2025ರಲ್ಲಿ ಬಂದವು. ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡವು, ಟೆಲಿಗ್ರಾಂನಲ್ಲಿ ಮಾರಾಟಕ್ಕೂ ಬಿದ್ದವು. ಏಪ್ರಿಲ್ 9ರಿಂದ, ಭದ್ರತಾ ಪರೀಕ್ಷೆ ಪಾಸಾಗದ ಸಿಸಿಟಿವಿ ಕ್ಯಾಮೆರಾ ತಯಾರಿಸುವಂತಿಲ್ಲ, ತರಿಸಿ ಮಾರುವಂತಿಲ್ಲ ಎಂಬ ಕೇಂದ್ರದ ನಿಯಮ ಜಾರಿಗೆ ಬಂತು. ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳು ಪ್ರಕಟವಾದವು. ಅವುಗಳ ಮೂಲ ಕಾಯ್ದೆಯಲ್ಲಿ, 18 ವರ್ಷದೊಳಗಿನ ಮಕ್ಕಳ ಮೇಲೆ ನಿಗಾ ಇಡುವಂತಿಲ್ಲ ಎಂಬ ಸಾಲಿದೆ.

ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗದೆ ಇನ್ನೇನು? ಮನೆಯ ಕ್ಯಾಮೆರಾ ಈಗ ಕಾನೂನುಬಾಹಿರವೇ? ನನ್ನ ಮಗುವನ್ನು ನಾನೇ ನೋಡಲು ಯಾರ ಅನುಮತಿ ಬೇಕು? ತೆಗೆದುಬಿಡಬೇಕಾ, ಇರಲಿ ಅಂತ ಬಿಡಬೇಕಾ?

ಮೊದಲು ಕಾನೂನಿನ ಗಂಟು ಬಿಡಿಸೋಣ

ಏಪ್ರಿಲ್‌ನ ನಿಯಮ ತಯಾರಕರಿಗೆ ಮತ್ತು ಆಮದುದಾರರಿಗೆ ಸಂಬಂಧಿಸಿದ್ದು. ಹೊಸದಾಗಿ ಮಾರುಕಟ್ಟೆಗೆ ಬರುವ ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್, ಅದು ವಿಡಿಯೊ ಕಳಿಸುವ ರೀತಿ, ಪಾಸ್‌ವರ್ಡ್ ವ್ಯವಸ್ಥೆ ಎಲ್ಲವನ್ನೂ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷಿಸಬೇಕು. ನಿಮ್ಮ ಮನೆಯ ಗೋಡೆಯಲ್ಲಿ ಈಗಾಗಲೇ ಇರುವ ಕ್ಯಾಮೆರಾ ಕಿತ್ತುಹಾಕಿ ಅಂತ ಅದು ಹೇಳುವುದಿಲ್ಲ.

ದತ್ತಾಂಶ ಕಾಯ್ದೆ ಇನ್ನೂ ಸ್ಪಷ್ಟ. ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಮಾಹಿತಿ ಬಳಸಿದರೆ 2023ರ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಆಫೀಸಿನಲ್ಲಿ ಕೂತು ಮಗುವನ್ನು ನೋಡುವ ಅಮ್ಮನಿಗೆ ಯಾವ ನಿರ್ಬಂಧವೂ ಇಲ್ಲ. ‘ನಿಗಾ ಇಡುವಂತಿಲ್ಲ’ ಎಂಬ ಮಾತು ಕಂಪನಿಗಳಿಗೆ. ಶಿಶುಪಾಲನಾ ಕೇಂದ್ರ, ಡೇ ಕೇರ್ ನಡೆಸುವವರಿಗೆ ಮಕ್ಕಳ ಸುರಕ್ಷತೆಯ ಕಾರಣಕ್ಕೆ ವಿನಾಯಿತಿಯನ್ನೂ ನಿಯಮಗಳಲ್ಲಿ ಕೊಟ್ಟಿದ್ದಾರೆ.

ಹಾಗಾದರೆ ತೊಡಕು ಎಲ್ಲಿದೆ? ಅಮ್ಮ ನೋಡುವ ಅದೇ ದೃಶ್ಯ ಎಷ್ಟೋ ಸಲ ಕಂಪನಿಯ ಸರ್ವರ್‌ಗೂ ಹೋಗುತ್ತದೆ. ‘ಮಗು ಅತ್ತಾಗ ತಿಳಿಸುತ್ತೇವೆ’, ‘ನಿದ್ದೆಯ ಲೆಕ್ಕ ಕೊಡುತ್ತೇವೆ’ ಅನ್ನುವ ಆ್ಯಪ್ ಕ್ಲೌಡ್‌ನಲ್ಲಿ, ಅಂದರೆ ಕಂಪನಿಯ ಸರ್ವರ್‌ನಲ್ಲಿ, ಆ ಕೆಲಸ ಮಾಡಬೇಕಾದರೆ ಮಗುವಿನ ಅಳು, ಚಲನೆ, ನಿದ್ದೆಯ ಹೊತ್ತನ್ನು ದಾಖಲಿಸಿಕೊಳ್ಳಲೇಬೇಕು. ಅದು ಅಪ್ಪ-ಅಮ್ಮ ಕೇಳಿ ಪಡೆದ ಸೇವೆಯೋ, ಮಗುವಿನ ಮೇಲೆ ಕಂಪನಿ ಇಟ್ಟ ನಿಗಾವೋ? ಜಗಳ ಹುಟ್ಟುವುದು ಇಲ್ಲೇ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ನಿಯಮ ಪ್ರಕಟವಾದ ದಿನದಿಂದ 18 ತಿಂಗಳ ಕಾಲಾವಕಾಶ ಇದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು.

ಬೇರೆ ಕೋಣೆಯ ಮಗು, ಪಕ್ಕದಲ್ಲೇ ಮಲಗುವ ಮಗು

ಈ ಸಾಧನ ಹುಟ್ಟಿದ್ದು ಅಮೆರಿಕದಲ್ಲಿ, ಒಂದು ಭಯದಿಂದ. 1932ರಲ್ಲಿ ಹೆಸರಾಂತ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಪುಟ್ಟ ಮಗುವನ್ನು ಮನೆಯಿಂದಲೇ ಅಪಹರಿಸಿದರು. ಇಡೀ ದೇಶ ಬೆಚ್ಚಿಬಿತ್ತು. ಐದು ವರ್ಷದ ನಂತರ, 1937ರಲ್ಲಿ, ಜೆನಿತ್ ಕಂಪನಿ ‘ರೇಡಿಯೊ ನರ್ಸ್’ ಎಂಬ ಯಂತ್ರ ತಂದಿತು. ವಿನ್ಯಾಸ ಶಿಲ್ಪಿ ಇಸಾಮು ನೊಗುಚಿ ಅವರದು. ಮಗುವಿನ ಕೋಣೆಯ ಸದ್ದು ಅಪ್ಪ-ಅಮ್ಮನ ಕೋಣೆಗೆ ಕೇಳಬೇಕು. ಅದರ ಕೆಲಸ ಅಷ್ಟೇ.

ಅದರ ಹಿಂದೆ ಒಂದು ಊಹೆ ಇದೆ, ಗಮನಿಸಿ. ಮಗು ಬೇರೆ ಕೋಣೆಯಲ್ಲಿ ಮಲಗುತ್ತದೆ, ಅಪ್ಪ-ಅಮ್ಮ ಅದೇ ಮನೆಯಲ್ಲಿ ಇರುತ್ತಾರೆ.

ನಮ್ಮಲ್ಲಿ ಎರಡೂ ತಲೆಕೆಳಗು. ರಾತ್ರಿ ಮಗು ಅಮ್ಮನ ಪಕ್ಕದಲ್ಲೇ ಮಲಗುತ್ತದೆ, ಕೈ ಚಾಚಿದರೆ ಸಿಗುತ್ತದೆ. ಯಂತ್ರ ಬೇಕಿಲ್ಲ. ಹಗಲಲ್ಲಿ ಅಮ್ಮ ಮನೆಯಲ್ಲಿ ಇಲ್ಲ. ಆಗ ಬೇಕಾಗುತ್ತದೆ. ಅಲ್ಲಿ ಅದು ರಾತ್ರಿಯ ಸಾಧನ, ಇಲ್ಲಿ ಹಗಲಿನದು. ಅಲ್ಲಿ ದೂರ ಒಂದು ಗೋಡೆಯಷ್ಟು, ಇಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರುವಷ್ಟು. ಮಗು ಅಲ್ಲಿ ಒಂಟಿ. ಇಲ್ಲಿ ಪಕ್ಕದಲ್ಲಿ ಅಜ್ಜಿಯೋ ಆಯಾಳೋ ಇದ್ದೇ ಇರುತ್ತಾರೆ. ಹಾಗಾಗಿ ಪೆಟ್ಟಿಗೆಯ ಮೇಲೆ ‘ಬೇಬಿ ಮಾನಿಟರ್’ ಅಂತ ಬರೆದಿದ್ದರೂ ಈ ಸಾಧನ ಬಹಳ ಮನೆಗಳಲ್ಲಿ ಕಾಯುವುದು ಮಗುವನ್ನು ನೋಡಿಕೊಳ್ಳುವವರನ್ನು. ಇದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆರು ತಿಂಗಳು ಮುಗಿದ ಮೇಲೆ

ಕೊಳ್ಳುವ ಹೊತ್ತು ಯಾವುದು ಅಂತ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಕಾನೂನು ಹೇಳಿತು. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ದುಡಿಯುವ ಹೆಂಗಸರಲ್ಲಿ ಹೆಚ್ಚಿನವರು ಅಂಗಡಿ, ಸಣ್ಣ ವರ್ಕ್‌ಶಾಪ್, ಹೊಲ, ಮನೆಗೆಲಸದಲ್ಲಿ ಇದ್ದಾರೆ. ಅವರಿಗೆ ಈ ಕಾನೂನು ತಲುಪುವುದೇ ಇಲ್ಲ. ಆಫೀಸು ಕೆಲಸದವರಿಗೆ ರಜೆ ಸಿಗುತ್ತದೆ, ಏಳನೇ ತಿಂಗಳಲ್ಲಿ ಮಗುವನ್ನು ಎಲ್ಲಿ ಬಿಡುವುದು ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಅಜ್ಜಿ ಊರಲ್ಲಿ. ನಂಬಿಕೆಯ ಡೇ ಕೇರ್ ದೂರ, ದುಬಾರಿ. ಕೊನೆಗೆ ಏಜೆನ್ಸಿಯಿಂದ ಒಬ್ಬ ಆಯಾ ಬರುತ್ತಾಳೆ. ಅವಳ ಜೊತೆಗೆ ಕ್ಯಾಮೆರಾನೂ ಮನೆಗೆ ಬರುತ್ತದೆ.

ಬೆಲೆಯೂ ಅನುಕೂಲವಾಗಿ ಇತ್ತು. ವಿದೇಶಿ ಮಾದರಿಯ, ಪ್ರತ್ಯೇಕ ಸ್ಕ್ರೀನ್ ಇರುವ ಬೇಬಿ ಮಾನಿಟರ್‌ಗಿಂತ ತಿರುಗುವ ತಲೆಯ ಸಾದಾ ವೈಫೈ ಕ್ಯಾಮೆರಾ ಎಷ್ಟೋ ಅಗ್ಗ. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಕೈಗೆಟುಕಿತು. ಹಾಗಂತ ಪೂರ್ತಿ ಪುಕ್ಕಟೆ ಏನಲ್ಲ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ವಿಡಿಯೊ ಅಂದರೆ ಗಂಟೆಗೆ 450 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರಿಗೆ ಮೂರು ಗಂಟೆ ಚಿಲ್ಲರೆ ನೋಡುವಷ್ಟರಲ್ಲಿ ಡೇಟಾ ಖಾಲಿ. ಆದ್ದರಿಂದ ಯಾರೂ ಸತತವಾಗಿ ನೋಡುವುದಿಲ್ಲ. ಇಣುಕುತ್ತಾರೆ.

ಕ್ಯಾಮೆರಾನೂ ಕೊಳ್ಳದವರು ಹಳೇ ಸ್ಮಾರ್ಟ್‌ಫೋನನ್ನು ಕಿಟಕಿಗೆ ಒರಗಿಸಿ ಒಂದು ಆ್ಯಪ್ ಹಾಕುತ್ತಾರೆ. ಇನ್ನೂ ಸರಳ ಉಪಾಯ ವಾಟ್ಸ್ಯಾಪ್ ವಿಡಿಯೊ ಕರೆ. ಅದಕ್ಕಿಂತ ಸರಳ, ಅನ್‌ಲಿಮಿಟೆಡ್ ಕರೆಯ ಪ್ಯಾಕ್‌ನಲ್ಲಿ ಮನೆಯ ಫೋನಿಗೆ ಕರೆ ಮಾಡಿ ಸ್ಪೀಕರ್ ಆನ್ ಮಾಡಿಸಿ ಬಿಟ್ಟುಬಿಡುವುದು. 1937ರ ರೇಡಿಯೊ ನರ್ಸ್ ಮಾಡುತ್ತಿದ್ದುದೂ ಇದನ್ನೇ, ಅಲ್ವಾ?

ಆದರೆ ಮನೆಯಲ್ಲಿ ಎರಡನೇ ಸ್ಮಾರ್ಟ್‌ಫೋನ್ ಇರುವುದು ಎಲ್ಲರ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದದ್ದು ದೇಶದ ಶೇ 54ರಷ್ಟು ಮಹಿಳೆಯರಿಗೆ ಮಾತ್ರ. ಅದರಲ್ಲಿ ಬಟನ್ ಫೋನೂ ಸೇರಿತ್ತು.

ಇನ್ನೊಂದು ಬಳಕೆಯನ್ನು ಇಲ್ಲಿ ಹೇಳಲೇಬೇಕು. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪ ಇರುವುದು ಗಲ್ಫ್‌ನಲ್ಲಿ. ಯುಎಇಯಲ್ಲಿ ವಾಟ್ಸ್ಯಾಪ್ ಕರೆಗೆ ನಿರ್ಬಂಧ ಇದೆ. ಅಂಥ ಮನೆಗೆ ಕ್ಯಾಮೆರಾ ಆ್ಯಪ್ ಕಾವಲುಗಾರ ಅಲ್ಲ, ಕಿಟಕಿ. ಮಗು ಮೊದಲ ಸಲ ಬೋರಲು ಬಿದ್ದದ್ದನ್ನು ದುಬೈಯಲ್ಲಿ ಕೂತು ನೋಡುವ ಅಪ್ಪನಿಗೆ ‘ನಿಗಾ’ ಎಂಬ ಪದವೇ ಒಪ್ಪುವುದಿಲ್ಲ.

ಜೋಲಿಯೊಳಗಿನ ಮಗು ಕಾಣುವುದಿಲ್ಲ

ಬೇರೆ ಥರದ ಮನೆಗೆ ಮಾಡಿದ ಯಂತ್ರ ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಜಾಹೀರಾತಿನಲ್ಲಿ ಮಗು ಚಪ್ಪಟೆ ಹಾಸಿಗೆಯ ಮೇಲೆ ಇರುತ್ತದೆ, ಸುತ್ತ ಕಟಕಟೆ, ಮೇಲಿಂದ ಕ್ಯಾಮೆರಾ. ನಮ್ಮಲ್ಲಿ ಹಗಲು ಮಗು ಮಲಗುವುದು ಹಳೇ ಕಾಟನ್ ಸೀರೆಯ ಜೋಲಿಯಲ್ಲಿ. ಅದು ಎರಡೂ ಕಡೆಯಿಂದ ಮಗುವನ್ನು ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾಗೆ ಕಾಣುವುದು ತೂಗುವ ಒಂದು ಬಟ್ಟೆಯ ಗಂಟು ಮಾತ್ರ.

ಜೋಲಿ ತೂಗಿದಾಗಲೆಲ್ಲ ಆ್ಯಪ್ ‘ಚಲನೆ ಪತ್ತೆಯಾಗಿದೆ’ ಅನ್ನುತ್ತದೆ. ಕುಕ್ಕರ್ ಕೂಗಿದರೆ ‘ಜೋರಾದ ಶಬ್ದ’. ಮಿಕ್ಸಿ ಹಾಕಿದರೆ ಇನ್ನೊಂದು. ಫ್ಯಾನ್ ಗಾಳಿಗೆ ಪರದೆ ಅಲುಗಾಡಿದರೆ ಮತ್ತೊಂದು. ಹಾಸಿಗೆಗೆ ಸೊಳ್ಳೆ ಪರದೆ ಕಟ್ಟಿದ್ದರೆ ಕತ್ತಲಲ್ಲಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಆ ಜಾಲರಿಗೇ ಬಡಿದು ವಾಪಸ್ ಬರುತ್ತದೆ, ಸ್ಕ್ರೀನ್ ತುಂಬಾ ಬಿಳಿ ಮಂಜು. ಕರೆಂಟ್ ಹೋದರೆ ರೂಟರ್ ಸತ್ತಿತು, ‘ಡಿವೈಸ್ ಆಫ್‌ಲೈನ್’.

ಈ ಆಫ್‌ಲೈನ್ ಅನ್ನುವ ಮಾತು ಸಣ್ಣದಲ್ಲ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಅಮ್ಮ ಮಧ್ಯಾಹ್ನ ಒಂದು ಸಲ ಫೋನ್ ಮಾಡಿ, ‘ಊಟ ಮಾಡ್ತಾ?’ ಅಂತ ಕೇಳಿ ಸುಮ್ಮನಾಗುತ್ತಿದ್ದಳು. ಈಗ ಚಿತ್ರ ಹತ್ತು ನಿಮಿಷ ನಿಂತರೆ ಎದೆ ಡವಗುಟ್ಟುತ್ತದೆ. ಇನ್ನೊಂದು ಕಡೆ, ದಿನಕ್ಕೆ ನೂರು ಸುಳ್ಳು ಅಲರ್ಟ್ ಬಂದರೆ ಯಾರೇ ಆದರೂ ಅಲರ್ಟ್ ಮ್ಯೂಟ್ ಮಾಡುತ್ತಾರೆ. ಆಮೇಲೆ ನಿಜವಾದ ಅಳು ಬಂದರೂ ಫೋನು ಮೂಕ. ಆತಂಕ ಜಾಸ್ತಿ ಆಯಿತು, ಎಚ್ಚರ ಕಡಿಮೆ ಆಯಿತು.

ವಿಡಿಯೊ ಹೋಗುವ ದಾರಿ

ಕ್ಯಾಮೆರಾ ಹಾಲ್‌ನಲ್ಲಿದೆ, ಫೋನ್ ಆಫೀಸಿನಲ್ಲಿದೆ. ನಡುವೆ ಏನು? ಹೆಚ್ಚಿನವರ ಕಲ್ಪನೆಯಲ್ಲಿ ನೇರ ದಾರಿ. ಹಾಗಿಲ್ಲ. ನಮ್ಮ ಇಂಟರ್‌ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದು ಮಾಮೂಲು. ಹಾಗಾಗಿ ಹೊರಗಿನಿಂದ ನಿಮ್ಮ ಕ್ಯಾಮೆರಾವನ್ನು ನೇರವಾಗಿ ತಲುಪುವುದು ಕಷ್ಟ. ಕ್ಯಾಮೆರಾ ತಾನೇ ಕಂಪನಿಯ ಸರ್ವರ್‌ಗೆ ಸಂಪರ್ಕ ಮಾಡಿ ಕಾಯುತ್ತದೆ, ನಿಮ್ಮ ಆ್ಯಪ್ ಕೂಡ ಅಲ್ಲಿಗೇ ಹೋಗುತ್ತದೆ, ಇಬ್ಬರನ್ನೂ ಸರ್ವರ್ ಜೋಡಿಸುತ್ತದೆ. ಆ ಸರ್ವರ್ ಯಾವ ದೇಶದಲ್ಲಿದೆ, ಅಲ್ಲಿ ಏನು ಉಳಿಯುತ್ತದೆ ಅನ್ನುವುದು ಡಬ್ಬದ ಮೇಲೆ ಬರೆದಿರುವುದು ಅಪರೂಪ.

ಈ ವ್ಯವಸ್ಥೆ ಕೈಕೊಟ್ಟ ಉದಾಹರಣೆಗಳು ಜಗತ್ತಿನಲ್ಲಿ ಕಡಿಮೆ ಏನಿಲ್ಲ. 2012ರಲ್ಲಿ ಅಮೆರಿಕದ ಟ್ರೆಂಡ್‌ನೆಟ್ ಕಂಪನಿಯ ಸುಮಾರು 700 ಕ್ಯಾಮೆರಾಗಳ ನೇರ ದೃಶ್ಯದ ಕೊಂಡಿಗಳನ್ನು ಹ್ಯಾಕರ್‌ಗಳು ಬಹಿರಂಗವಾಗಿ ಹಾಕಿದರು. ತೊಟ್ಟಿಲಲ್ಲಿ ಮಲಗಿದ ಮಕ್ಕಳೂ ಅದರಲ್ಲಿದ್ದರು. 2025ರ ಕೊನೆಗೆ ದಕ್ಷಿಣ ಕೊರಿಯಾ ಪೊಲೀಸರು 1 ಲಕ್ಷ 20 ಸಾವಿರ ಕ್ಯಾಮೆರಾಗಳಿಗೆ ಕನ್ನ ಹಾಕಿದ ಆರೋಪದಲ್ಲಿ ನಾಲ್ವರನ್ನು ಹಿಡಿದರು. ಸುಲಭದ ಪಾಸ್‌ವರ್ಡ್‌ಗಳೇ ಅಲ್ಲಿ ದಾರಿ ಮಾಡಿಕೊಟ್ಟಿದ್ದವು. ರಾಜ್‌ಕೋಟ್ ಪ್ರಕರಣದಲ್ಲಿ ತನಿಖೆ ಕಂಡುಕೊಂಡದ್ದು ಇನ್ನೂ ನಾಚಿಕೆಗೇಡು: ಪಾಸ್‌ವರ್ಡ್ ‘ಅಡ್ಮಿನ್123’. ಕ್ಯಾಮೆರಾ ಬಂದಾಗ ಇದ್ದದ್ದು, ಯಾರೂ ಬದಲಿಸಿರಲಿಲ್ಲ. ಅಂದರೆ ಕಳ್ಳ ಬೀಗ ಒಡೆಯಲಿಲ್ಲ, ಬಾಗಿಲಿಗೇ ಬೀಗದ ಕೈ ನೇತುಹಾಕಿತ್ತು.

ತಮಾಷೆ ಏನೆಂದರೆ, ‘ಸೆಕ್ಯುರಿಟಿ ಕ್ಯಾಮೆರಾ’ ಅಂತ ಹೆಸರಿಟ್ಟುಕೊಂಡ ಅಗ್ಗದ ಡಬ್ಬಕ್ಕಿಂತ ವಾಟ್ಸ್ಯಾಪ್ ವಿಡಿಯೊ ಕರೆ ಹೆಚ್ಚು ಭದ್ರ. ಅದರ ದೃಶ್ಯ ಎರಡೂ ತುದಿಯ ಫೋನುಗಳಿಗೆ ಬಿಟ್ಟು ನಡುವೆ ಯಾರಿಗೂ ಓದಲಾಗದಂತೆ ಹೋಗುತ್ತದೆ. ಹಳೇ ಫೋನಿನದು ಬೇರೆ ಕಥೆ. ಭದ್ರತಾ ಅಪ್‌ಡೇಟ್ ನಿಂತುಹೋಗಿರುತ್ತದೆ. ಇಡೀ ದಿನ ಚಾರ್ಜರ್‌ಗೆ ಹಾಕಿಟ್ಟರೆ ಬ್ಯಾಟರಿ ಬಿಸಿಯಾಗಿ ಊದಿಕೊಳ್ಳಬಹುದು. ಮಗುವಿನ ಹಾಸಿಗೆ ಪಕ್ಕ ಇಡುವ ವಸ್ತುವಂತೂ ಅಲ್ಲ ಅದು.

ಕಂಡಿತು, ಸರಿ. ಆಮೇಲೆ?

ಕ್ಯಾಮೆರಾ ಪರ ಇರುವವರ ಮುಖ್ಯ ವಾದ ನಿಜವಾದ ಘಟನೆಗಳಿಂದಲೇ ಬಂದದ್ದು, ತಳ್ಳಿಹಾಕುವಂಥದ್ದಲ್ಲ. 2014ರ ನವೆಂಬರ್‌ನಲ್ಲಿ ಉಗಾಂಡದ ಕಂಪಾಲಾದಲ್ಲಿ ಮನೆಗೆಲಸದವಳೊಬ್ಬಳು ಒಂದೂವರೆ ವರ್ಷದ ಆಸುಪಾಸಿನ ಮಗುವನ್ನು ಹೊಡೆದು ತುಳಿಯುವ ದೃಶ್ಯ ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿತು, ಜಗತ್ತೆಲ್ಲ ಹರಿದಾಡಿತು. ಅವಳಿಗೆ ನಾಲ್ಕು ವರ್ಷ ಜೈಲಾಯಿತು. 2022ರ ಫೆಬ್ರುವರಿಯಲ್ಲಿ ಸೂರತ್‌ನಲ್ಲಿ ಎಂಟು ತಿಂಗಳ ಕೂಸಿಗೆ ಆಯಾ ಹೊಡೆದದ್ದು ಸಿಸಿಟಿವಿಯಲ್ಲಿ ದಾಖಲಾಯಿತು. ಮಗುವಿನ ಮೆದುಳಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿತು. ಮಾತು ಬಾರದ ಮಗುವಿನ ಪರವಾಗಿ ಸಾಕ್ಷಿ ಹೇಳಲು ಕ್ಯಾಮೆರಾ ಬಿಟ್ಟು ಇನ್ನೇನಿತ್ತು ಅಂತ ಕೇಳಿದರೆ ಉತ್ತರ ಇಲ್ಲ.

ಆದರೆ ಎರಡೂ ಘಟನೆಯಲ್ಲಿ ಏಟು ತಪ್ಪಲಿಲ್ಲ. ಸೂರತ್‌ನದನ್ನು ಇನ್ನಷ್ಟು ನಿಧಾನವಾಗಿ ನೋಡಬೇಕು. ವರದಿಗಳ ಪ್ರಕಾರ, ‘ನೀವಿಲ್ಲದಾಗ ಮಕ್ಕಳು ತುಂಬಾ ಅಳುತ್ತವೆ’ ಅಂತ ಅಕ್ಕಪಕ್ಕದವರು ಹೇಳಿದ ಮೇಲೆ ಅಪ್ಪ-ಅಮ್ಮ ಕ್ಯಾಮೆರಾ ಹಾಕಿಸಿದ್ದು. ಮೊದಲ ಎಚ್ಚರಿಕೆ ಕೊಟ್ಟದ್ದು ಪಕ್ಕದ ಮನೆಯವರ ಕಿವಿ. ಕ್ಯಾಮೆರಾ ಕೊಟ್ಟದ್ದು ಸಾಕ್ಷಿ. ಸಾಕ್ಷಿ ಕೋರ್ಟಿಗೆ ಬೇಕು, ಆ ಹೊತ್ತಿಗೆ ಮಗುವಿಗೆ ಬೇಕಾದದ್ದು ಒಂದು ಕೈ.

ಆರೋಗ್ಯದ ಹೆಸರಲ್ಲಿ ಮಾರುವ ಸಾಧನಗಳಿಗೂ ಇದೇ ಮಾತು. ಉಸಿರು, ಆಮ್ಲಜನಕ, ಎದೆಬಡಿತ ಅಳೆಯುವ ಕಾಲುಚೀಲ, ಪಟ್ಟಿಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ನಿದ್ದೆಯಲ್ಲಿನ ಹಠಾತ್ ಸಾವು ತಪ್ಪಿಸುವ ಉಪಾಯ ಎಂದು ಮನೆಯ ಮಾನಿಟರ್‌ಗಳನ್ನು ನಂಬಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ಹೇಳಿದೆ. ಭಾರತದಲ್ಲಿ ಜನನ-ಮರಣಗಳ ಮಾದರಿ ನೋಂದಣಿ ಸಮೀಕ್ಷೆಯ 2023ರ ಲೆಕ್ಕದಂತೆ ಸಾವಿರಕ್ಕೆ 25 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗಿನ ಉಸಿರುಗಟ್ಟುವಿಕೆ, ಸೋಂಕು, ನ್ಯುಮೋನಿಯಾ ದೊಡ್ಡ ಕಾರಣಗಳು. ಇವುಗಳಲ್ಲಿ ಒಂದಕ್ಕೂ ವೈಫೈ ಮದ್ದಲ್ಲ.

ಆಯಾ ನಿಂತ ಕಡೆಯಿಂದ

ಕ್ಯಾಮೆರಾ ಚರ್ಚೆಯಲ್ಲಿ ಅವಳ ಮಾತು ಕೇಳಿಸುವುದೇ ಇಲ್ಲ. ದಿನಕ್ಕೆ ಹತ್ತು ಗಂಟೆ ಅವಳು ಲೆನ್ಸಿನ ಕೆಳಗೆ ಇರುತ್ತಾಳೆ. ಊಟ ಮಾಡುವುದು, ಕಾಲು ಚಾಚುವುದು, ತನ್ನ ಮನೆಗೆ ಫೋನ್ ಮಾಡುವುದು ಎಲ್ಲ ರೆಕಾರ್ಡ್. ಆ ಹಾಲ್‌ನಲ್ಲೇ ಮಲಗುವ ಆಯಾ ಆದರೆ ರಾತ್ರಿಯೂ ಅಷ್ಟೇ. ಹೇಳಿ ಇಡುವುದು ಬೇರೆ, ಹೇಳದೆ ಗಡಿಯಾರದೊಳಗೆ ಬಚ್ಚಿಡುವುದು ಬೇರೆ. ಬಟ್ಟೆ ಬದಲಿಸುವ, ಸ್ನಾನ ಮಾಡುವ ಜಾಗದಲ್ಲಿ ಇಟ್ಟರೆ ಅದು ಖಾಸಗಿತನದ ಉಲ್ಲಂಘನೆ ಮಾತ್ರ ಅಲ್ಲ, ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲಿದೆ.

ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೇ ಒಡಂಬಡಿಕೆ, ಮನೆಯಲ್ಲೇ ಉಳಿಯುವ ಕೆಲಸದವರ ಖಾಸಗಿತನವನ್ನು ಗೌರವಿಸಬೇಕು ಅನ್ನುತ್ತದೆ. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ಮನೆಗೆಲಸದವರ ಸಾಮಾಜಿಕ ಭದ್ರತೆಯ ಕರಡು ಮಸೂದೆ ತಂದಿತು. ನೋಂದಣಿ, ಲಿಖಿತ ಒಪ್ಪಂದದ ಮಾತು ಅದರಲ್ಲಿದೆ. ಆ ಒಪ್ಪಂದದ ಹಾಳೆಯಲ್ಲಿ ಕ್ಯಾಮೆರಾ ಎಲ್ಲೆಲ್ಲಿದೆ, ದೃಶ್ಯ ಎಷ್ಟು ದಿನ ಇಡುತ್ತೇವೆ ಅಂತ ಎರಡು ಸಾಲು ಬರೆದರೆ ಎರಡೂ ಕಡೆಯ ಅನುಮಾನ ಅರ್ಧ ಕಡಿಮೆ ಆಗುತ್ತದೆ. ಒಳ್ಳೆಯ ಆಯಾಗೂ ಕ್ಯಾಮೆರಾ ಉಪಕಾರಿ. ಮಗು ತಾನೇ ಬಿದ್ದು ಹಣೆ ಊದಿಸಿಕೊಂಡ ದಿನ ಅವಳ ಪರ ಮಾತಾಡುವುದು ಅದೇ ದೃಶ್ಯ.

ಮುಂದೆ ಏನಾಗಬಹುದು

ಏಪ್ರಿಲ್‌ನ ನಿಯಮದ ಭದ್ರತಾ ಪರೀಕ್ಷೆಯ ಖರ್ಚು ಕ್ಯಾಮೆರಾದ ಬೆಲೆಗೆ ಸೇರುತ್ತದೆ, ಅಗ್ಗದ ಮಾದರಿಗಳು ಕಡಿಮೆಯಾಗುತ್ತವೆ. ಲ್ಯಾಬ್‌ಗಳು ಸಾಲುವುದಿಲ್ಲ, ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ) ಕೊಡುವುದು ಕಷ್ಟ ಎಂದು ತಯಾರಕರು ಸರ್ಕಾರದ ಮುಂದೆ ತಕರಾರು ತೆಗೆದದ್ದೂ ಆಗಿದೆ. ಸರ್ಕಾರದ ಚಿಂತೆ ಬೇರೆ. ಸರ್ಕಾರಿ ಸಂಸ್ಥೆಗಳಲ್ಲಿ ಚೀನಾ ಕಂಪನಿಗಳ 10 ಲಕ್ಷ ಕ್ಯಾಮೆರಾಗಳಿವೆ ಅಂತ 2021ರಲ್ಲೇ ಸಂಸತ್ತಿನಲ್ಲಿ ಹೇಳಲಾಗಿತ್ತು. ಅಂದರೆ ನಿಯಮ ಹುಟ್ಟಿದ್ದು ಗಡಿಯ ಭಯದಿಂದ, ತೊಟ್ಟಿಲ ಕಾಳಜಿಯಿಂದ ಅಲ್ಲ. ಮನೆಗಳಿಗೆ ಲಾಭ ಆಗುತ್ತದೆ, ನಿಜ. ಆದರೆ ಹೊಸ ಕ್ಯಾಮೆರಾ ದುಬಾರಿಯಾದರೆ ಜನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಹಳೇ ಫೋನಿನ ಕಡೆ ತಿರುಗುತ್ತಾರೆ. ಅವೆರಡೂ ಈ ಪರೀಕ್ಷೆಯ ಬಲೆಗೆ ಬೀಳುವುದಿಲ್ಲ.

ಬೇಡಿಕೆಯನ್ನು ನಿಜವಾಗಿ ತಗ್ಗಿಸಬಲ್ಲದ್ದು ಶಿಶುಪಾಲನೆ. 1969ರಲ್ಲಿ ದೆಹಲಿಯ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಮೀರಾ ಮಹಾದೇವನ್ ಶುರು ಮಾಡಿದ ಸಂಸ್ಥೆಯ ಹೆಸರು ‘ಮೊಬೈಲ್ ಕ್ರೆಶಸ್’. ಆಗ ಮೊಬೈಲ್ ಅಂದರೆ ಫೋನ್ ಅಲ್ಲ. ಕೆಲಸ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುವ ಶಿಶುಮನೆ. ಕರ್ನಾಟಕದಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳು ಬಂದಿವೆ. ನಗರದ ಗಾರ್ಮೆಂಟ್ಸ್ ಕೆಲಸದವಳಿಗೆ, ಅಂಗಡಿಯ ಸೇಲ್ಸ್ ಹುಡುಗಿಗೆ ನಡೆದುಹೋಗುವಷ್ಟು ಹತ್ತಿರ ಅಂಥದ್ದೊಂದು ಇದ್ದರೆ ಕ್ಯಾಮೆರಾ ಬೇಕೇ ಬೇಡವೇ ಅನ್ನುವ ಪ್ರಶ್ನೆಯ ತೂಕವೇ ಬದಲಾಗುತ್ತದೆ.

ಈಗಾಗಲೇ ಮನೆಯಲ್ಲಿದ್ದರೆ

ಡಬ್ಬದ ಜೊತೆ ಬಂದ ಪಾಸ್‌ವರ್ಡ್ ಇವತ್ತೇ ಬದಲಿಸಿ. ಆ್ಯಪ್‌ನಲ್ಲಿ ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ. ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೇಳಿದಾಗ ‘ಆಮೇಲೆ’ ಒತ್ತಬೇಡಿ. ಆ್ಯಪ್‌ನಲ್ಲಿ ‘ಶೇರ್ಡ್ ಯೂಸರ್ಸ್’ ಪಟ್ಟಿ ತೆರೆದು ನೋಡಿ. ಕ್ಯಾಮೆರಾ ಕೂರಿಸಿಕೊಟ್ಟ ಹುಡುಗನ ನಂಬರ್ ಅಲ್ಲಿ ಉಳಿದಿದ್ದರೆ ತೆಗೆಯಿರಿ. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಪ್ಲಗ್ಗೇ ಕೀಳಬಹುದು, ಅದಕ್ಕಿಂತ ಗಟ್ಟಿ ಭದ್ರತೆ ಇಲ್ಲ. ಮಗು ದೊಡ್ಡದಾಗಿ ಕ್ಯಾಮೆರಾವನ್ನು ನಾದಿನಿಗೋ ಒಎಲ್‌ಎಕ್ಸ್‌ಗೋ ಕೊಡುವ ಹೊತ್ತು ಬಂದರೆ ಸೇಫ್ಟಿ ಪಿನ್ನಿನಿಂದ ರಿಸೆಟ್ ತೂತು ಒತ್ತಿ, ಆ್ಯಪ್‌ನಿಂದಲೂ ಅದನ್ನು ಅಳಿಸಿ. ಕೊನೆಗೆ ಕ್ಯಾಮೆರಾದ ತಲೆಯನ್ನು ಮೇಲಕ್ಕೆತ್ತಿ ನೋಡಿ. ಬಹಳ ಮಾದರಿಗಳಲ್ಲಿ ಮೆಮೊರಿ ಕಾರ್ಡ್ ಕೂರುವುದು ಅಲ್ಲೇ, ಕಣ್ಣಿಗೆ ಬೀಳದಂತೆ. ನಿಮ್ಮ ಮಗುವಿನ, ಆಯಾಳ ಎಷ್ಟೋ ದಿನಗಳು ಅದರೊಳಗೆ ಇರುತ್ತವೆ.